ಚರಗಕ್ಕೆ ದಂಡ, ಬಸ್ಸಿನ ಜಳಕಕ್ಕೆ ಮಾಫಿ

ಹೊಳೆದಂಡೆ ವಿಹಾರ ಸಮಿತಿಯ ಮಾನ್ಯ ಕಾರ್ಯದರ್ಶಿಗಳೇ,

ಅಫಜಲಪುರ ತಾಲೂಕಿನ ಮಣ್ಣೂರಿನಲ್ಲಿ, ಭೀಮಾ ನದಿಯ ದಂಡೆಗೆ ಹತ್ತಿಕೊಂಡಿರುವ ನನ್ನ ತಂಗಿಯ ಹೊಲದ ಬದುವಿನ ಮೇಲೆ ತಾವು ಒಂದು ಬೋರ್ಡು ನೆಟ್ಟಿದ್ದೀರಿ. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರ: ‘ಈ ವಿಹಾರ ತಾಣದಲ್ಲಿ ಚರಗ ಚೆಲ್ಲುವುದನ್ನು ನಿಷೇಧಿಸಲಾಗಿದೆ. ಚೆಲ್ಲಿದವರಿಗೆ ದಂಡ ವಿಧಿಸಲಾಗುವುದು.’ ಅದೇ ಬೋರ್ಡಿನ ಬುಡದಲ್ಲಿ ನಿಂತು ಕೆಳಗೆ ನೋಡಿದರೆ, ತಮ್ಮ ಸಮಿತಿಯ ವಿಶೇಷ ಬಸ್ಸುಗಳು ನೀರಿಗಿಳಿದು ಮೈ ತೊಳೆದುಕೊಳ್ಳುವ ಜಾಗ ಚೆನ್ನಾಗಿ ಕಾಣುತ್ತದೆ. ಅಲ್ಲಿ ಬೋರ್ಡಿಲ್ಲ, ದಂಡವಿಲ್ಲ. ಅಂದರೆ ಭೂಮಿತಾಯಿಗೆ ಉಣ್ಣಿಸುವುದು ಅಪರಾಧ, ಹೊಳೆಗೆ ಎಂಜಿನ್ನಿನ ಎಣ್ಣೆ ಕುಡಿಸುವುದು ವಿಹಾರ. ಹೀಗೆಂದು ತಿಳಿಯಬೇಕೇ?

ತಾವು ಈ ಸೀಮೆಯವರಲ್ಲವೆಂದು ಕೇಳಿದ್ದೇನೆ. ಆದ್ದರಿಂದ ಹೇಳುವುದು ನನ್ನ ಕರ್ತವ್ಯ. ಎಳ್ಳಮಾವಾಸ್ಯೆಯ ದಿನ ನಾವು ಮನೆಮಂದಿ, ಬೀಗರು, ನೆರೆಹೊರೆಯವರು ಎಲ್ಲ ಕೂಡಿ ಹೊಲಕ್ಕೆ ಹೋಗುತ್ತೇವೆ. ಆ ಹೊತ್ತಿಗೆ ಬಿಳಿಜೋಳ ತೆನೆಗಟ್ಟುತ್ತಿರುತ್ತದೆ. ಭೂಮಿ ಬಸುರಿ ಎಂದು ನಮ್ಮ ಭಾವನೆ. ಬಸುರಿಯ ಬಯಕೆ ತೀರಿಸಬೇಕಲ್ಲವೆ? ಕಡಬು, ಬಜ್ಜಿ, ಅನ್ನ ಎಲ್ಲ ಕಲಸಿ ಬೆಳೆಯ ನಡುವೆ ನಾಲ್ಕೂ ದಿಕ್ಕಿಗೆ ಚೆಲ್ಲುತ್ತೇವೆ. ಅದು ಚರಗ. ಬಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ಕಾಳು, ಸೊಪ್ಪು, ಹುಣಸೆ ಕೂಡಿಸಿ ಕುದಿಸಿದ ಪಲ್ಯ. ಇದನ್ನೂ ಬಿಡಿಸಿ ಹೇಳಲು ಕಾರಣ, ತಾವು ಅದಕ್ಕೊಂದು ಬೇರೆ ಬೋರ್ಡು ಬರೆಸಿಬಿಟ್ಟೀರಿ ಎಂಬ ಹೆದರಿಕೆ.

ಈಗ ನನ್ನ ವಿಷಯ. ನಾನು ಮಣ್ಣೂರಿನವಳಲ್ಲ, ಆಳಂದ ತಾಲೂಕಿನ ಸರಸಂಬಾದವಳು. ಶಾಲೆಗೆ ಹೋದವಳಲ್ಲ, ಮಕ್ಕಳ ಪಾಟಿ ನೋಡಿ ಅಕ್ಷರ ಕಲಿತು, ಬೀಗರು ಬಿಜ್ಜರಿಗೆ ಕಾರ್ಡು ಬರೆದು ಕೈ ಪಳಗಿದವಳು. ನಡುವೆ ಎಲ್ಲಾದರೂ ‘ಮೈಯಲ್ಲಿ ಆರಾಮವಾಗಿದ್ದೀರಾ’ ಎಂದು ಕೇಳಿದರೆ ರೂಢಿಯೆಂದು ತಿಳಿದು ಕ್ಷಮಿಸಬೇಕು. ಮತ್ತೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮಣ್ಣೂರಿನವರು ಹೇಳುತ್ತಾರೆ: ನನಗೆ ಮಣ್ಣೂರಿನ ಮೇಲೆ ಹೊಟ್ಟೆಕಿಚ್ಚು. ನನ್ನ ತಂಗಿ ಶಿವಕಾಂತಾಳನ್ನು ಆ ಊರಿಗೆ ಕೊಟ್ಟಂದಿನಿಂದ ಇದೆ. ನಾವಿಬ್ಬರೂ ಜೇವರ್ಗಿ ತಾಲೂಕಿನ ಕೊಳಕೂರಿನ ಮಕ್ಕಳು. ನನ್ನನ್ನು ಕೆರೆಯೂ ಇಲ್ಲದ ಊರಿಗೆ ಕೊಟ್ಟರು, ಆಕೆಯನ್ನು ತುಂಬಿದ ಹೊಳೆಯ ದಂಡೆಗೆ. ಆಕೆಯ ಮನೆಯ ಬಟ್ಟೆ ನನ್ನ ಮನೆಯ ಬಟ್ಟೆಗಿಂತ ಬೆಳ್ಳಗೆ. ಆಕೆಯ ಬದನೆಕಾಯಿ ನನ್ನ ಬದನೆಕಾಯಿಗಿಂತ ಮೆತ್ತಗೆ. ಬಂದವರೆಲ್ಲ ‘ಹೊಳಿ ನೀರಿನ ಗುಣ’ ಎನ್ನುತ್ತಾರೆ. ಆಕೆಯ ಕೈಗುಣ ಎಂದಿದ್ದರೂ ಸಹಿಸುತ್ತಿದ್ದೆನೋ ಏನೋ!

ಆದರೂ ನಮ್ಮಲ್ಲೊಂದು ಪಾಳಿ ಇತ್ತು. ಒಂದು ವರ್ಷ ತವರಿನ ಮಂದಿಯೆಲ್ಲ ಎಳ್ಳಮಾವಾಸ್ಯೆಗೆ ನನ್ನ ಹೊಲಕ್ಕೆ, ಮರುವರ್ಷ ಆಕೆಯ ಹೊಲಕ್ಕೆ. ಗುಲಬರ್ಗಾದಿಂದ ಆಳಂದಕ್ಕೆ ಬರುವ ದಿನದ ಬಸ್ಸಿನಲ್ಲಿ ಇಳಿಯುತ್ತಿದ್ದರು, ಅಲ್ಲಿಂದ ನಮ್ಮ ಚಕ್ಕಡಿ. ಬಟ್ಟೆಯಲ್ಲಿ ಕಟ್ಟಿದ ಬುತ್ತಿ, ತಂಬಿಗೆಯಲ್ಲಿ ನೀರು. ಎಳ್ಳು ಹಚ್ಚಿದ ಸಜ್ಜೆರೊಟ್ಟಿಯೇ ತಟ್ಟೆ. ಉಂಡ ಮೇಲೆ ತಟ್ಟೆಯೂ ಹೊಟ್ಟೆಗೆ ಹೋಗುತ್ತಿತ್ತು. ಹಬ್ಬ ಮುಗಿಸಿ ಎದ್ದರೆ ಅಲ್ಲಿ ಮಂದಿ ಕೂತಿದ್ದರೆಂದು ಹೇಳಲು ಹುಲ್ಲು ಮಲಗಿದ್ದಷ್ಟೇ ಗುರುತು.

ಹೋದ ವರ್ಷ ನನ್ನ ಪಾಳಿ. ಕಾಳು ನೆನೆಹಾಕಲು ತೆಗೆದಿಟ್ಟಿದ್ದೆ. ಅಷ್ಟರಲ್ಲಿ ನನ್ನ ತಮ್ಮ ಶಾಂತಲಿಂಗಪ್ಪ ಕೊಳಕೂರಿನಿಂದ ಬಂದು ಕಟ್ಟೆಯ ಮೇಲೆ ಕೂತ. ಚಹಾ ಕುಡಿದ, ಎಲೆ ಹಾಕಿಕೊಂಡ, ಆಮೇಲೆ ಬಾಯಿಬಿಟ್ಟ.

“ಅಕ್ಕಾ, ಸಿಟ್ಟಾಗಬ್ಯಾಡ. ಈ ಸಲ ಎಲ್ಲಾರೂ ಮಣ್ಣೂರಿಗೆ ಹೊಂಟಾರ. ಸಮಿತಿಯವ್ರು ಪೇಶಲ್ ಬಸ್ಸ ಬಿಟ್ಟಾರ. ಮನಿ ಮುಂದೇ ಬಂದು ನಿಂದರ್ತದ, ಹೊಳಿ ನೀರಿನತನಕ ಒಯ್ದು ಇಳಸ್ತದ.”

“ಪಾಳಿ ನಂದಲ್ಲೇನೋ?”

“ಪಾಳಿ ನಿಂದೇ, ಯಾರ ಇಲ್ಲಂದಾರ? ಆದ್ರ ನಿಮ್ಮೂರಾಗ ನೋಡಾಕರ ಏನದ ಹೇಳು. ಈ ಕಡಿ ತೊಗರಿ, ಆ ಕಡಿ ತೊಗರಿ.”

“ಹೊಳಿ ಏನ್ ಶಿವಕಾಂತಾ ತೋಡಿಸ್ಯಾಳೇನಲೇ?”

“ಆಕಿ ತೋಡಿಸಿಲ್ಲ ಖರೆ. ನೀನೂ ತೋಡಿಸಿಲ್ಲಲ್ಲ!”

ಮಾನ್ಯರೇ, ಹೊಳೆಯನ್ನು ದೇವರು ಕೊಟ್ಟ, ಸರಿ. ಬಸ್ಸನ್ನು ಕೊಟ್ಟವರು ತಾವು. ಇದ್ದವರಿಗೇ ಇನ್ನಷ್ಟು ಕೊಡುವ ಕೆಲಸವನ್ನು ದೇವರೊಬ್ಬನೇ ಮಾಡುತ್ತಿದ್ದುದು ಸಾಲದೆಂದು ಒಂದು ಸಮಿತಿಯನ್ನೇ ಮಾಡಿದರೇನು?

ಹಬ್ಬದ ಹಿಂದಿನ ದಿನ ಹೊಲದ ಪೂಜೆಯನ್ನು ಸೊಸೆ ಗುರುಬಾಯಿಗೆ ಒಪ್ಪಿಸಿ, ನನ್ನ ಕಡಬಿನ ಗಂಟು ಕಟ್ಟಿಕೊಂಡು ದಿನದ ಬಸ್ಸು ಹತ್ತಿದೆ. ಪ್ರೀತಿಯಿಂದ ಹೋದೆನೆಂದರೆ ಯಾರೂ ನಂಬುವುದಿಲ್ಲ; ಅಲ್ಲಿ ಏನು ಬಂಗಾರ ಸುರಿದಿದೆ ನೋಡಿಯೇ ಬರಬೇಕೆಂದು ಹೋದೆ. ಶಿವಕಾಂತಾ ಬಾಗಿಲಲ್ಲೇ ಹಿಡಿದಳು.

“ಏನ ಯಕ್ಕಾ, ಹಬ್ಬದಾಗ ಹೊಲಾ ಬಿಟ್ಟು ಬಂದಿ? ನನ್ನ ಬಜ್ಜಿ ರುಚಿ ನೋಡಾಕೋ, ನನ್ನ ಹೊಲಕ್ಕ ಎಷ್ಟು ಮಂದಿ ಬರ್ತಾರ ಎಣಸಾಕೋ?”

“ನಿನ್ನ ಬಜ್ಜಿಗಿ ಉಪ್ಪು ಹೇಳಿಕೊಡಾಕ ಬಂದೀನಿ,” ಎಂದೆ.

ಮರುದಿನ ತಮ್ಮ ವಿಶೇಷ ಬಸ್ಸುಗಳು ಬಂದವು. ಅರ್ಧ ಸೀಟು ಖಾಲಿ, ಹಾರ್ನು ಮಾತ್ರ ಭರ್ತಿ. ಊರಬಾಗಿಲ ಅಗಸಿಯಲ್ಲಿ ನಿಲ್ಲದೆ, ಉಸುಕು ದಾಟಿ ನೀರಿನ ತುದಿಗೇ ಬಂದು ನಿಂತವು. ಮಂದಿ ಇಳಿದರು. ಕೈಯಲ್ಲಿ ಬುತ್ತಿಯಿಲ್ಲ, ಪ್ಲಾಸ್ಟಿಕ್ ಚೀಲ, ಕಾಗದದ ತಟ್ಟೆ, ಟೇಪ್ ರೆಕಾರ್ಡರು. ಅವರು ಉಣ್ಣುವ ಹೊತ್ತಿಗೆ ಡ್ರೈವರ್ ಬಸ್ಸನ್ನು ಗಾಲಿ ಮುಳುಗುವಷ್ಟು ನೀರಿಗಿಳಿಸಿ ಬಕೆಟ್ಟಿನಿಂದ ನೀರು ಉಗ್ಗತೊಡಗಿದ.

“ಯಾಕಪ್ಪಾ, ಹೊಳ್ಯಾಗ ತೊಳೀತಿ?” ಎಂದು ಕೇಳಿದೆ.

“ಶೆಡ್ಡಿನಾಗ ನೀರು ಬರಂಗಿಲ್ಲಮ್ಮಾ. ಸಮಿತಿಯವ್ರು ಬಸ್ಸ ಚೊಕ್ಕ ಇಡ್ರಿ ಅಂದಾರ. ನೋಡಿದ ಮಂದಿ ಚಂದ ಅದ ಅನಬೇಕಂತ.”

ಬಸ್ಸು ಚಂದವಾಯಿತು. ಅದರ ಕೆಳಗಿನಿಂದ ಏಳು ಬಣ್ಣದ ಎಣ್ಣೆಯ ಪದರ ದಂಡೆ ಹಿಡಿದು ಹೊರಟಿತು. ತುಸು ಕೆಳಗೆ, ಉಸುಕಿನಲ್ಲಿ ತೋಡಿದ ಒರತೆ ಇದೆ. ತಂಗಿಯ ಓಣಿಯವರೆಲ್ಲ ಕುಡಿಯುವ ನೀರನ್ನು ಅಲ್ಲಿಂದಲೇ ಬೊಗಸೆಬೊಗಸೆಯಾಗಿ ತೋಡಿಕೊಂಡು ಒಯ್ಯುತ್ತಾರೆ. ತಂಗಿಯ ನೆರೆಮನೆಯ ಪೀರಬಿ ಕೊಡ ತುಂಬಿಸಿ ಮೂಸಿ ನೋಡಿ, ನನ್ನ ಮುಂದೆ ಹಿಡಿದಳು. “ನೋಡ ಸುಂದ್ರಬಾಯಿ, ಇನ್ನ ಚಾ ಮಾಡಾಕ ಒಲಿ ಬ್ಯಾಡ. ಕಡ್ಡಿ ಗೀರಿ ಕೊಡದಾಗ ಒಗದ್ರ ನೀರೇ ಹತ್ತಿ ಉರೀತದ.”

ನಾನು ನಕ್ಕೆ. ಒಳಗೆ ಇನ್ನೂ ಹೆಚ್ಚು ನಕ್ಕೆ. ‘ಹೊಳಿ ನೀರಿನ ಗುಣ’ ಎಂದವರೆಲ್ಲ ಈಗ ಬಂದು ಕುಡಿಯಲಿ ಎಂದುಕೊಂಡೆ. ಆದರೆ ಬಸ್ಸುಗಳು ಹೋದ ಮೇಲೆ ಶಿವಕಾಂತಾ ಎತ್ತಿನ ಬಾಯಿಗೆ ಕೈ ಹಾಕಿ, ಅದು ಅರ್ಧ ನುಂಗಿದ್ದ ಪ್ಲಾಸ್ಟಿಕ್ ಚೀಲವನ್ನು ಎಳೆದೆಳೆದು ತೆಗೆಯುತ್ತಿದ್ದಳು. ಎತ್ತು ಕೆಮ್ಮುತ್ತಿತ್ತು, ಆಕೆ ಅಳುತ್ತಿದ್ದಳು. ನಾನು ಎತ್ತಿನ ಕೋಡು ಹಿಡಿದು ನಿಂತೆ. ಹೊಟ್ಟೆಕಿಚ್ಚಿಗೂ ಒಂದು ಹೊತ್ತುಗೊತ್ತು ಇರುತ್ತದೆ, ಮಾನ್ಯರೇ.

ಅಲ್ಲೇ ಕೂತು ತಮ್ಮ ಸಮಿತಿಗೆ ಅರ್ಜಿ ಬರೆದೆವು. ಹೇಳಿದವಳು ಆಕೆ, ಬರೆದವಳು ನಾನು: ‘ಚರಗ ಚೆಲ್ಲುವ ದಿನ ಬರುವ ಬಸ್ಸುಗಳನ್ನು ಹೊಳೆಯಲ್ಲಿ ತೊಳೆದು, ಪ್ಲಾಸ್ಟಿಕ್ ಒಗೆದು, ಕುಡಿಯುವ ನೀರು ಕೆಡಿಸುತ್ತಿದ್ದಾರೆ. ತಡೆಯಬೇಕು.’ ಈ ವಾಕ್ಯದಲ್ಲಿ ತಡೆಯಬೇಕಾದದ್ದು ಯಾವುದೆಂದು ತಮಗೆ ಹೇಗೆ ತಿಳಿಯಲಿಲ್ಲ ಎಂದು ನಾನು ಬಹಳ ದಿನ ಯೋಚಿಸಿದೆ. ಶ್ರಾವಣದಲ್ಲಿ ಬೋರ್ಡು ಬಂತು. ತಾವೇ ನೇಮಿಸಿದ ಕಾವಲುಗಾರ ಹುಲೆಪ್ಪ, ಅವನೂ ಮಣ್ಣೂರಿನವನೇ, ತಂಗಿಗೆ ಕಥೆಯೆಲ್ಲ ಹೇಳಿದ.

“ಸಾಹೇಬ್ರು ಜೀಪಿನಾಗ ಕೂತೇ ಅರ್ಜಿ ಓದಿದ್ರು ನೋಡ್ರಿ ಅಕ್ಕೋರೆ. ಚರಗ ಅಂದ್ರ ಚರಟ ತಾನೆ, ಪಾತ್ರೆ ತಳದ ಗಸಿ, ಅಂದ್ರು.”

“ನೀ ಏನಂದಿ?”

“ಹೌದ್ರಿ ಅಂದ್ನಿ.”

“ಯಾಕಂದ್ಯೋ ಹೌದಂತ?”

“ಸಾಹೇಬ್ರು ಕೇಳಿದ್ರು, ಹೌದ್ರಿ ಅಂದ್ನಿ! ಅವರು ಇಲ್ಲ ತಾನೆ ಅಂದಿದ್ರ ಇಲ್ರಿ ಅಂತಿದ್ನಿ. ಈಗ ನನ್ನ ಹೊಲದಾಗ ನಾನೇ ಚೆಲ್ಲಿದ್ರ ನನ್ನ ನಾನೇ ಹಿಡೀಬೇಕಾಗ್ಯಾದ.”

ಹೀಗೆ, ಒಂದು ಅಕ್ಷರವನ್ನು ತಪ್ಪು ತಿಳಿದು ತಾವು ಒಂದು ಸೀಮೆಯ ಹಬ್ಬವನ್ನು ಕಸದ ಬುಟ್ಟಿಗೆ ಸೇರಿಸಿದಿರಿ. ಸಿಟ್ಟಿನ ನಡುವೆಯೂ ನಿಜ ಹೇಳುತ್ತೇನೆ: ಬೋರ್ಡು ನೋಡಿ ಮೊದಲು ಹುಟ್ಟಿದ್ದು ಅಸೂಯೆಯೇ. ತಪ್ಪು ಬೋರ್ಡಾದರೂ ಬೋರ್ಡಲ್ಲವೆ? ನಮ್ಮ ಸರಸಂಬಾವನ್ನು ತಪ್ಪು ತಿಳಿಯಲಿಕ್ಕಾದರೂ ಒಬ್ಬ ಅಧಿಕಾರಿ ಬಂದಿದ್ದಾನೆಯೆ?

ಇನ್ನು ತಾವು ಮಂದಿಗೆ ಹೋಗಿಬರುವ ಸೌಕರ್ಯ ಮಾಡಿದೆವೆಂದು ಹೇಳಬಹುದು. ಮಂದಿ ಹೋಗಬಾರದೆಂದು ನಾನೆಲ್ಲಿ ಹೇಳಿದೆ? ವರ್ಷವಿಡೀ ಮೈಮುರಿದು ದುಡಿದವರು ಒಂದು ದಿನ ಹೊಳೆ ನೋಡಲಿ, ಈಜಲಿ, ಕುಣಿಯಲಿ. ಆದರೆ ಅಫಜಲಪುರದಿಂದ ಮಣ್ಣೂರಿಗೆ ದಿನದ ಬಸ್ಸು ಹೇಗಿದ್ದರೂ ಓಡುತ್ತದೆ. ಅದರಲ್ಲಿ ನಾಲ್ಕು ಮಂದಿ ಒತ್ತಿ ಕೂತರೆ ಎಷ್ಟು ಹೊಗೆ ಹೆಚ್ಚಾದೀತು? ಅದರ ಬೆನ್ನಿಗೇ ಅರ್ಧ ಖಾಲಿ ಬಸ್ಸುಗಳನ್ನು ಓಡಿಸಿ, ಗಾಳಿಗೆ ಹೊಗೆ, ಹೊಳೆಗೆ ಎಣ್ಣೆ, ಎತ್ತಿಗೆ ಪ್ಲಾಸ್ಟಿಕ್ ಹಂಚುವುದು ಯಾವ ಸೌಕರ್ಯ? ಅಗಸಿಯಿಂದ ಹೊಳೆಗೆ ನಡೆದು ಹೋಗಲಾರದವನು ಹೊಳೆಯಲ್ಲಿ ಈಜುವುದು ಹೇಗೆ? ನೋಡಲು ಬಂದ ಚೆಲುವನ್ನು ನೋಡಿದವರೇ ಕೆಡಿಸಿ ಹೋದರೆ, ಮುಂದಿನ ವರ್ಷ ತಾವು ಯಾವುದನ್ನು ತೋರಿಸಲು ಬಸ್ಸು ಬಿಡುತ್ತೀರಿ? ಆಗ ನಮ್ಮ ತೊಗರಿ ನೋಡಲು ಕಳಿಸುತ್ತೀರೇನು?

ಈಗ ಕಾರ್ತಿಕ ಮುಗಿಯುತ್ತ ಬಂದಿದೆ. ಕಳೆದ ವಾರ ಶಾಂತಲಿಂಗಪ್ಪ ಹೇಳಿಕಳಿಸಿದ: ಮಣ್ಣೂರಲ್ಲಿ ದಂಡ ಹಾಕುತ್ತಾರಂತೆ, ಪಾಳಿ ಶಿವಕಾಂತಾಳದ್ದಾದರೂ ಈ ಸಲ ಎಲ್ಲರೂ ಸರಸಂಬಾಕ್ಕೇ ಬರುತ್ತೇವೆ. ಮಾನ್ಯರೇ, ನಾನು ಹಿಗ್ಗಿ ಹೀರೆಕಾಯಿಯಾದೆ. ಓಣಿಯವರಿಗೆಲ್ಲ ಹೇಳಿದೆ. ತಮ್ಮ ಸಮಿತಿಗೆ ಮನಸ್ಸಿನಲ್ಲೇ ಒಂದು ತೆಂಗಿನಕಾಯಿ ಒಡೆದೆ.

ಮೊನ್ನೆ ಶಿವಕಾಂತಾ ಬಂದಳು. ಬಂದವಳೇ ಜಗಳ ತೆಗೆಯಲಿಲ್ಲ. ನನ್ನ ಚಹಾದಲ್ಲಿ ತಪ್ಪು ಹುಡುಕಲಿಲ್ಲ. ಏನೋ ಆಗಿದೆಯೆಂದು ಆಗಲೇ ತಿಳಿದುಕೊಂಡೆ.

“ಯಕ್ಕಾ, ನಾನೂ ನಿನ್ನ ಹೊಲಕ್ಕೇ ಬರ್ತೇನಿ. ಒಂದು ಮೂಲ್ಯಾಗ ನನಗೂ ಚರಗ ಚೆಲ್ಲಾಕ ಜಾಗಾ ಕೊಡ್ತಿಯೇನು?”

“ನಿನ್ನ ಹೊಲಾ?”

“ಅದು ಉಪಾಸ ಇರ್ತದ. ಏನ್ ಮಾಡಾಕಾಗ್ತದ.”

ಸ್ವಂತ ಭೂಮಿ ಇದ್ದವಳು, ಜೋಳ ಎದೆಯೆತ್ತರ ನಿಂತಿರುವಾಗ, ಚರಗಕ್ಕೆ ಮತ್ತೊಬ್ಬರ ಹೊಲದಲ್ಲಿ ಮೂಲೆ ಕೇಳುವುದೆಂದರೆ ಏನೆಂದು ತಮಗೆ ತಿಳಿಸುವಷ್ಟು ಅಕ್ಷರ ನನಗೆ ಬರುವುದಿಲ್ಲ. ಬಸುರಿಯನ್ನು ಉಪವಾಸ ಕೆಡವಿ ನೆರೆಮನೆಯಲ್ಲಿ ಉಣ್ಣಲು ಹೋದಂತೆ ಎಂದರೆ ತಿಳಿದೀತೆ? ಇಷ್ಟು ವರ್ಷ ಆಕೆ ನನ್ನೆದುರು ತಲೆ ತಗ್ಗಿಸಲೆಂದು ಕಾದಿದ್ದೆ. ತಗ್ಗಿಸಿದ ತಲೆ ನೋಡಲು ನನ್ನಿಂದ ಆಗಲಿಲ್ಲ. ಎದ್ದು ಒಳಗೆ ಹೋಗಿ ಒಲೆ ಊದಿದೆ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಎಳ್ಳಮಾವಾಸ್ಯೆಗೆ ಮೊದಲು ಆ ಬೋರ್ಡನ್ನು ಕೀಳಿಸಿರಿ. ವಿಶೇಷ ಬಸ್ಸು ನಿಲ್ಲಿಸಿರಿ. ಬರುವವರು ದಿನದ ಬಸ್ಸಿಗೆ ಬರಲಿ, ಅಗಸಿಯಲ್ಲಿಳಿದು ನಡೆಯಲಿ, ಬುತ್ತಿ ತರಲಿ, ತಂದದ್ದನ್ನು ಉಣ್ಣಲಿ, ಉಳಿದದ್ದನ್ನು ಹೊತ್ತೊಯ್ಯಲಿ. ಯಾವ ಗಾಡಿಯೂ ನೀರಿಗೆ ಇಳಿಯಬಾರದು. ಹುಲೆಪ್ಪನಿಗೆ ಕಾಯಲು ಆ ಕೆಲಸ ಕೊಡಿ, ಅದಕ್ಕೂ ಅವನು ‘ಹೌದ್ರಿ’ ಎನ್ನುತ್ತಾನೆ. ಈ ವರ್ಷದ ಪಾಳಿ ಶಿವಕಾಂತಾಳದ್ದು, ಅದು ಆಕೆಗೇ ಸಲ್ಲಬೇಕು. ತವರಿನ ಮಂದಿಯೆಲ್ಲ ಆಕೆಯ ಹೊಲದಲ್ಲೇ ಕೂತು ಉಣ್ಣಬೇಕು. ನನ್ನ ಬಜ್ಜಿಯ ಗಡಿಗೆಯನ್ನು ನಾನೇ ಅಲ್ಲಿಗೆ ಹೊತ್ತು ತಂದು ಆಕೆಯ ಗಡಿಗೆಯ ಪಕ್ಕದಲ್ಲಿ ಇಡುತ್ತೇನೆ, ಮಂದಿ ಎರಡನ್ನೂ ಉಂಡು ಹೇಳಲಿ. ತಂಗಿಯನ್ನು ನಾನು ಸೋಲಿಸಬೇಕಾದದ್ದು ನನ್ನ ಬಜ್ಜಿಯಿಂದ. ತಮ್ಮ ದಂಡದಿಂದ ಸಿಗುವ ಗೆಲುವು ನನಗೆ ಬೇಡ.

ಇಂತಿ,
ತನ್ನ ಹೊಟ್ಟೆಕಿಚ್ಚನ್ನು ಯಾವ ಸಮಿತಿಯ ನೆರವಿಲ್ಲದೆಯೂ ನಿಭಾಯಿಸಿಕೊಂಡು ಬಂದಿರುವ
ಸುಂದರಬಾಯಿ
ಸರಸಂಬಾ, ಆಳಂದ ತಾಲೂಕು
೧೯೯೧, ಕಾರ್ತಿಕ