ಎರಡು ಚೌಕ ಹಿಂದೆ

ಜೂನ್ 9, ಸೋಮವಾರ

ಕ್ಯಾಬ್ ಇವತ್ತೂ ತಡ. ಶೋಳಿಂಗನಲ್ಲೂರಿನ ಆಫೀಸಿನಿಂದ ಅಣ್ಣಾ ನಗರದ ಮನೆಗೆ ಬರುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಹಗಲು ಅವ್ವನನ್ನು ನೋಡಿಕೊಳ್ಳುವ ನಾಗಮಣಿ ಚಪ್ಪಲಿ ಮೆಟ್ಟಿಕೊಂಡೇ ಕಾಯುತ್ತಿದ್ದಳು. ಅವ್ವನ ಹಣೆಗೆ ವಿಭೂತಿ ಹಚ್ಚಿದೆ. ಮೂಗಿನ ಕೊಳವೆಯಲ್ಲಿ ಗಂಜಿ ಇಳಿಸಿದೆ. ಸ್ಟ್ರೋಕ್ ಆದಮೇಲೆ ಮಾತಿಲ್ಲ, ಕೈಕಾಲಿಲ್ಲ, ಬಲಗೈ ತೋರುಬೆರಳು ಮಾತ್ರ ಆಗೀಗ ಮಿಸುಕುತ್ತದೆ. ಆ ಬೆರಳಿಗಾಗಿಯೇ ಥೆರಪಿ ಸೆಂಟರ್‌ನವರು ಒಂದು ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ಪರದೆಯಲ್ಲಿ ಎಂಟು ಚೌಕ — ನೀರು, ತಿರುಗಿಸು, ಟಿವಿ, ಹಾಡು, ನೋವು, ಬಾ, ಫ್ಯಾನ್, ಸಾಕು. ಬೆಳಕು ಒಂದೊಂದರ ಮೇಲೆ ಹಾಯುತ್ತದೆ. ಬೇಕಾದ್ದು ಬಂದಾಗ ಬೆರಳಡಿಯ ಗುಂಡಿ ಒತ್ತಿದರೆ ಯಂತ್ರ ಆ ಮಾತು ಹೇಳುತ್ತದೆ.

ಹೇಳುವುದೆಲ್ಲ ಬರೀ ಟಿವಿ, ಹಾಡು, ಫ್ಯಾನ್. ಡಾಕ್ಟರು ಇದು ನರಗಳ ಸೆಳೆತ, ಒಳಗೆ ಏನೂ ಉಳಿದಿಲ್ಲ ಅಂದುಬಿಟ್ಟರು.

ತಮ್ಮ ರುದ್ರೇಶ ಫೋನ್ ಮಾಡಿದ್ದ. ಮಧ್ಯಾಹ್ನ ಆಫೀಸಿನಿಂದ ಹಾಗೇ ಬಂದು ಬಾಗಿಲಲ್ಲೇ ನಿಂತು ಯಂತ್ರದ ಮಾತು ಕೇಳಿಸಿಕೊಂಡನಂತೆ. "ಅಕ್ಕಾ, ಅವ್ವ ತಾನ ಸಾಕು, ಸಾಕು ಅನ್ನಾಕತ್ತಾಳ. ಇಪ್ಪತ್ತಮೂರಕ್ಕ ಹಳೇ ಕೊಳವಿ ತಗದ ಮ್ಯಾಲೆ ಹೊಸಾದು ಹಾಕೂದು ಬ್ಯಾಡ."

ಕೊಳವೆ ಇಲ್ಲದಿದ್ದರೆ ಅವ್ವ ಎಷ್ಟು ದಿನ? ಅವನಿಗೂ ಗೊತ್ತು, ಅಳುತ್ತಲೇ ಹೇಳಿದ. ನಾನು ಫೋನ್ ಇಟ್ಟುಬಿಟ್ಟೆ.

ಜೂನ್ 10, ಮಂಗಳ

ಬೆಳಿಗ್ಗೆ ಗಮನಿಸಿದೆ. ಬೆಳಕು ನಡುವೆ ತೊದಲುತ್ತದೆ. ಗುಂಡಿ ಒತ್ತಿದಾಗಲೆಲ್ಲ ಯಂತ್ರ ಗಕ್ಕನೆ ನಿಂತು ಆಮೇಲೆ ಓಡುತ್ತದೆ.

ಛೆ, ನನ್ನ ಹೊಟ್ಟೆಪಾಡೇ ಇದು. ಜಗತ್ತಿನವರ ಕಂಪ್ಯೂಟರ್ ಯಾಕೆ ನಿಧಾನ ಅಂತ ಹುಡುಕಿ ಕೊಡುವವಳು. ಮನೆಯದನ್ನು ನೋಡಲೇ ಇಲ್ಲ!

ಕಪ್ಪು ವಿಂಡೋ ತೆರೆದು ಒಂದು ಸಾಲು ಕಮಾಂಡ್. ಟ್ರೇಸ್ ಶುರು. ಇನ್ನು ಒಳಗೆ ಯಾವ ಪ್ರೋಗ್ರಾಮ್ ಓಡಿತು, ಯಾವುದು ಯಾವುದಕ್ಕಾಗಿ ಕಾದು ನಿಂತಿತು, ಗುಂಡಿಯ ಸಿಗ್ನಲ್ ಯಾವ ಗಳಿಗೆಯಲ್ಲಿ ಬಂತು, ಎಲ್ಲ ದಾಖಲಾಗುತ್ತದೆ. ಡಿಸ್ಕ್ ತುಂಬದ ಹಾಗೆ ಬೇಕಾದಷ್ಟನ್ನೇ ಆರಿಸಿದೆ. ಸಂಜೆ ಬಂದು ಇನ್ನೊಂದು ಸಾಲು ಹೊಡೆದರೆ ನಿಲ್ಲುತ್ತದೆ.

ಜೂನ್ 12, ಗುರುವಾರ

ಸಿಕ್ಕಿತು. ಆಫೀಸಿನಲ್ಲೇ ಫೈಲ್ ತೆರೆದೆ. ಪ್ರತಿ ಸಲ ಗುಂಡಿ ಒತ್ತಿದಾಗಲೂ ಪ್ರೋಗ್ರಾಮ್ ಏನೋ ಬರೆದಿಡುತ್ತದೆ. ದರಿದ್ರ ಆಂಟಿವೈರಸ್ ಅದನ್ನು ಹಿಡಿದು ತಪಾಸಣೆ ಮಾಡುತ್ತದೆ. ಬಿಡುವಷ್ಟರಲ್ಲಿ ಬೆಳಕು ಎರಡು ಚೌಕ ಮುಂದೆ. ಒತ್ತಿದ್ದು ಒಂದು, ಯಂತ್ರ ಹೇಳಿದ್ದು ಇನ್ನೊಂದು.

ಎಲ್ಲವನ್ನೂ ಎರಡು ಚೌಕ ಹಿಂದೆ ಸರಿಸಿದೆ. ಟಿವಿ ಅಂದದ್ದು ನೀರು. ಹಾಡು ಅಂದದ್ದು ತಿರುಗಿಸು. ಫ್ಯಾನ್ ಅಂದದ್ದು ನೋವು.

ಸಾಕು ಅಂದದ್ದು — ಬಾ.

ಟಾಯ್ಲೆಟ್‌ಗೆ ಹೋಗಿ ಬಾಯಿಗೆ ದುಪಟ್ಟಾ ತುರುಕಿಕೊಂಡು ಅತ್ತೆ. ಅವ್ವ ನನ್ನನ್ನು ಕರೆಯುತ್ತಿದ್ದಾಳೆ. ನಾನು ಕೆಲಸದಲ್ಲಿದ್ದಾಗ, ಮಧ್ಯಾಹ್ನವಿಡೀ. ಜೀವಮಾನವೆಲ್ಲ ಬೇರೆಯವರು ಕರೆದಾಗ "ಬಂದೆ, ತಡೀರಿ" ಅಂತ ಕೈ ಒರೆಸಿಕೊಂಡು ಎದ್ದವಳು. ತಾನಾಗಿ ಯಾರನ್ನೂ ಕರೆದವಳಲ್ಲ.

ಒಂದು ವಿಚಿತ್ರ. ಮಧ್ಯಾಹ್ನದ ಪ್ರತಿ ಒತ್ತೂ ಎರಡೆರಡು ಸಲ, ಟಕ್ ಟಕ್. ಎರಡನೆಯದನ್ನು ಪ್ರೋಗ್ರಾಮ್ ಗಣನೆಗೇ ತೆಗೆದುಕೊಳ್ಳುವುದಿಲ್ಲ, ಟ್ರೇಸ್‌ನಲ್ಲಿ ಮಾತ್ರ ಕಾಣುತ್ತದೆ. ಗುಂಡಿಯ ಸ್ಪ್ರಿಂಗ್ ಅಗ್ಗದ್ದಿರಬೇಕು.

ಜೂನ್ 14, ಶನಿವಾರ

ಸಂಜೆ ರುದ್ರೇಶ ಬಂದ. ಲ್ಯಾಪ್‌ಟಾಪ್ ಎದುರು ಕೂರಿಸಿ ಎಲ್ಲ ತೋರಿಸಿದೆ. ನಂಬಲಿಲ್ಲ. ಹಿಂದೆ ಮುಂದೆ ಸರಿಸಿದರೆ ಯಾವ ಮಾತು ಬೇಕಾದರೂ ಬರುತ್ತದೆ, ನಿನಗೆ ಬೇಕಾದ್ದು ನಿನಗೆ ಕಂಡಿದೆ ಅಂದ. ಸಿಟ್ಟು ನೆತ್ತಿಗೇರಿತು. ಹಾಗಾದರೆ ಅವ್ವನನ್ನು ತಿರುಗಿಸೋಣ, ಹಿಡಿ ಅಂದೆ. ಅದನ್ನೇ ತಾನೆ ದಿನವೂ ಕೇಳಿದ್ದು.

ತಿರುಗಿಸಿದೆವು. ಎಡಸೊಂಟದ ಕೆಳಗೆ ಹಾಸಿಗೆ ಹುಣ್ಣು. ಹಸಿಯಾಗಿ, ಕೆಂಪಗೆ. ನಾಗಮಣಿ ನೋಡಿರಲಿಲ್ಲ. ರಾತ್ರಿ ಡಯಪರ್ ಬದಲಿಸುವ ನಾನೂ ನೋಡಿರಲಿಲ್ಲ. ಥೂ ನನ್ನ ಜನ್ಮಕ್ಕೆ.

ರುದ್ರೇಶ ನೆಲದ ಮೇಲೇ ಕೂತುಬಿಟ್ಟ. ಅಲ್ಲಿಂದಲೇ ಹೇಳಿದ, "ಕೊಳವಿ ಹಾಕಸೂಣು, ಅಕ್ಕಾ."

ಅವ್ವ ಒಳಗಿದ್ದಾಳೆ. ಅವ್ವ ಇದ್ದಾಳೆ.

ಜೂನ್ 19, ಗುರುವಾರ

ಬರೆಯಲು ಪುರುಸೊತ್ತಾಗಲಿಲ್ಲ. ಹುಣ್ಣಿಗೆ ಡ್ರೆಸ್ಸಿಂಗ್ ನಡೆದಿದೆ. ಪ್ರೋಗ್ರಾಮ್ ಬರೆದಿಡುವ ಫೋಲ್ಡರ್ ಮುಟ್ಟಬೇಡ ಅಂತ ಆಂಟಿವೈರಸ್‌ಗೆ ಹೇಳಿಟ್ಟೆ. ಈಗ ತಡವೇ ಇಲ್ಲ, ಒತ್ತಿದ್ದನ್ನೇ ಹೇಳುತ್ತದೆ.

ಆದರೆ ಸಂಜೆ ನಾನು ಎದುರು ಕೂತು ಕೇಳಿದರೆ ಉತ್ತರವಿಲ್ಲ. ನೀರು ಬೇಕಾ ಅಂದರೆ ಹಾಡು. ನೋವಾ ಅಂದರೆ ಟಿವಿ. ಬೆರಳು ಸುಮ್ಮನೆ ಮಿಸುಕುತ್ತದೆ, ಡಾಕ್ಟರು ಹೇಳಿದ ಹಾಗೆಯೇ. ಟ್ರೇಸ್‌ನಲ್ಲೂ ಒಂದೊಂದೇ ಒತ್ತು.

ಮಧ್ಯಾಹ್ನದ್ದು ಮಾತ್ರ ಸ್ಪಷ್ಟ. ಟಕ್ ಟಕ್. ಈಗ ನೀರು ಇಲ್ಲ, ನೋವು ಇಲ್ಲ, ತಿರುಗಿಸು ಇಲ್ಲ. ಬಾ ಒಂದೇ. ಇವತ್ತಿನ ಫೈಲ್ ತುಂಬ ಅದೇ.

ಸಂಜೆಗೆ ಅವ್ವ ದಣಿದಿರುತ್ತಾಳೆ. ಅಷ್ಟೇ ಇರಬೇಕು...

ಜೂನ್ 21, ಶನಿವಾರ, ಸಂಜೆ

ಶನಿವಾರದ ಡ್ಯೂಟಿಗೆ ರಜೆ ಹಾಕಿ ಮನೆಯಲ್ಲಿದ್ದೆ. ಅವ್ವ "ಬಾ" ಅನ್ನುವ ಹೊತ್ತಿಗೆ ಎದುರಿಗೇ ಇರೋಣ ಅಂತ.

ಮಧ್ಯಾಹ್ನದ ಗಂಜಿ ಕೊಳವೆಯಲ್ಲಿ ಇಳಿಸಿ, ಮಾತ್ರೆ ಕೊಟ್ಟು, ನಾಗಮಣಿ ಅವ್ವನ ಬೆರಳಿಂದ ಗುಂಡಿ ಬಿಚ್ಚಿದಳು. ಯಾಕೆ ಅಂದೆ. ಬೆರಳು ಕೆಂಪಾಗುತ್ತದೆ, ಮಾತ್ರೆಗೆ ನಾಲ್ಕರವರೆಗೂ ನಿದ್ದೆ, ಅದಕ್ಕೆ ದಿನಾ ಬಿಚ್ಚಿಡುತ್ತೇನೆ ಅಂದಳು ತಮಿಳಿನಲ್ಲಿ. ಕನ್ನಡ ಬಾರದ ಅವಳಿಗೆ ಯಂತ್ರ ತಾನೇ ಬಡಬಡಿಸುತ್ತಿದೆ ಅಂತಲೇ ಲೆಕ್ಕ. ಹಾಲ್‌ಗೆ ಹೋಗಿ ಸೀರಿಯಲ್ ನೋಡುತ್ತಾಳೆ.

ಎಲ್ಲಿ ಇಡುತ್ತೀಯ ಅಂದೆ.

"ಅಯ್ಯಾ ಚೇರ್‌ಲ ದಾನ್ ಮಾ."

ಅಪ್ಪನ ಬೆತ್ತದ ಕುರ್ಚಿ. ಮಂಚದ ಪಕ್ಕದಲ್ಲೇ ಇದೆ. ಅಪ್ಪ ಹೋಗಿ ಎರಡು ವರ್ಷ. ರೈಲ್ವೆ ಕ್ವಾರ್ಟರ್ಸ್‌ನಿಂದ ತಂದದ್ದು, ಅವ್ವ ಯಾರನ್ನೂ ಕೂರಗೊಟ್ಟವಳಲ್ಲ. ಗುಂಡಿಯನ್ನು ಅದರ ಬಲಗೈ ಹಿಡಿಯ ಮೇಲೆ ಇಟ್ಟಳು. ಹಿಡಿಯಲ್ಲಿ ಒಂದು ಕಡೆ ಬೆತ್ತ ಸವೆದು ತಗ್ಗು ಬಿದ್ದಿದೆ.

ಆ ತಗ್ಗು ಹೇಗಾಯಿತು ಅಂತ ನನಗೆ ಗೊತ್ತು. ಅಪ್ಪ ಒಂದು ದಿನವೂ ಅವ್ವನ ಹೆಸರು ಹಿಡಿದು ಕರೆದವರಲ್ಲ. ಅವರ ಕಾಲದಲ್ಲಿ ಯಾರು ಕರೆಯುತ್ತಿದ್ದರು? ಕಾಫಿ ಬೇಕೆಂದರೂ, ಮಾತಾಡಬೇಕೆಂದರೂ, ಬೆರಳಿನ ಉಂಗುರದಿಂದ ಆ ಹಿಡಿಗೆ ಬಡಿಯುತ್ತಿದ್ದರು.

ಎರಡು ಸಲ.

ಮಂಚದ ಅಂಚಿಗೆ ಕೂತು ನೋಡಿದೆ. ಗುಂಡಿ ತಗ್ಗಿನಲ್ಲಿತ್ತು. ಫ್ಯಾನ್ ಗಾಳಿ ಬಿಟ್ಟರೆ ಏನೂ ಇಲ್ಲ. ಬೆಳಕು ನೀರು, ತಿರುಗಿಸು, ಟಿವಿ, ಹಾಡು, ನೋವು ದಾಟಿತು. ಟಕ್ ಟಕ್.

"ಬಾ," ಅಂದಿತು ಯಂತ್ರ.

ಅವ್ವನಿಗೆ ನೀರು ಕೇಳಿದ್ದು, ತಿರುಗಿಸು ಅಂದದ್ದು ಅಪ್ಪ... ಪುಣ್ಯಾತ್ಮ. ಅದಕ್ಕೆ ಕೈ ಮುಗಿಯಬೇಕು ಅನಿಸಿತು. ಆದರೆ ಈ ಬಾ ನನಗಲ್ಲ.

ಜೂನ್ 22, ಭಾನುವಾರ, ಮಧ್ಯಾಹ್ನ

ನಾಗಮಣಿಗೆ ರಜೆ ಕೊಟ್ಟೆ. ನಾಳೆ ಬೆಳಿಗ್ಗೆ ಕೊಳವೆ ಹಾಕಲು ನರ್ಸ್ ಬರುತ್ತಾಳೆ, ರುದ್ರೇಶನೂ ಬರುತ್ತಾನೆ. ಅವನಿಗೆ ಏನೂ ಹೇಳಿಲ್ಲ. ಏನಂತ ಹೇಳಲಿ? ಅವ್ವ ಒಳಗಿದ್ದಾಳೆ ಅನ್ನುವುದಕ್ಕೆ ನನ್ನ ಹತ್ತಿರ ಇದ್ದದ್ದು ಅದೊಂದೇ ಸಾಕ್ಷಿ. ಅದೂ ಅವ್ವನದಲ್ಲ.

ಗುಂಡಿ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಲ್ಯಾಪ್‌ಟಾಪ್ ಮುಚ್ಚಿದೆ. ಕುರ್ಚಿಯನ್ನು ಬಾಲ್ಕನಿಗೆ ಹಾಕೋಣ ಅಂತ ಹಿಡಿದೆ, ಎತ್ತಲು ಮನಸ್ಸು ಬರಲಿಲ್ಲ. ಅಪ್ಪಾ, ಇನ್ನೊಂದಿಷ್ಟು ದಿನ ಬಿಡಿ ಅಂದೆ, ಬಾಯಿಬಿಟ್ಟೇ ಅಂದೆ. ಹುಚ್ಚಿಯ ಹಾಗೆ.

ಮಂಚದ ಪಕ್ಕ ಕೂತು ಬರೆಯುತ್ತಿದ್ದೇನೆ. ಅವ್ವನಿಗೆ ಮಾತ್ರೆಯ ನಿದ್ದೆ.

ಈಗ ಬೆತ್ತದ ಮೇಲೆ ಸದ್ದಾಯಿತು. ಎರಡು ಸಲ.

ಅವ್ವ ಕಣ್ಣು ಬಿಟ್ಟಿದ್ದಾಳೆ. ನನ್ನ ಕಡೆ ಅಲ್ಲ. ಕುರ್ಚಿಯ ಕಡೆ. ಬಲಗೈ ಸೀರೆಯ ಅಂಚಿಗೆ ತಿಕ್ಕಿಕೊಳ್ಳುತ್ತಿದೆ, ಒದ್ದೆ ಕೈ ಒರೆಸಿದ ಹಾಗೆ. ತುಟಿ ಅಲ್ಲಾಡಿತು.

ಬಂದೆ, ಅಂದಳು. ನನ್ನಾಣೆಗೂ ಅಂದಳು.

ಇನ್ನೊಂದು ಮಾತಿದೆಯಲ್ಲ ಅವ್ವಾ, ಯಾವಾಗಲೂ ಅನ್ನುತ್ತಿದ್ದೆಯಲ್ಲ. ಅದನ್ನೂ ಅನ್ನು. ತಡೀರಿ ಅನ್ನು. ತಡೀರಿ ಅನ್