ಹಿಂದಿನ ಸಾಲಿನ ಆರ್ಚೀ

ಲಾಕ್‌ಗೆಲಿ, ಶುಕ್ರವಾರ

ಶ್ರೀಮತಿ ಗೆಡ್ಡಿಸ್ ಅವರಿಗೆ,

ಮರೆವಿನ ಕಾಯಿಲೆ ಹತ್ತಿದ ಹಿರಿಯರ ಸಭೆಯಲ್ಲಿ ಪ್ರತಿ ಗುರುವಾರ ಹಳೆಯ ಫುಟ್‌ಬಾಲ್ ಫೋಟೋಗಳನ್ನು ತೋರಿಸುವ ಕೆಲಸಕ್ಕೆ, ಶಾಲೆ ಬಿಟ್ಟ ನನ್ನನ್ನು ನೀವು ನಂಬಿ ಸೇರಿಸಿಕೊಂಡಿರಿ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಮ್ಮೂರಿನ ಗಣಿ ಕೆಲಸಗಾರರ ತಂಡದ ಚಿತ್ರ ಕೈಗೆ ಬಂದಾಗಲೆಲ್ಲ, ಆ ಹಿರಿಯರಲ್ಲೊಬ್ಬರಾದ ಡುಗೀ ತಾತನಿಗೆ ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತ ತಮ್ಮ ಆರ್ಚೀ ಕಾಣುತ್ತಾನೆ.

“ನಮ್ಮ ಆರ್ಚೀ ಎಲ್ಲಿ? ಅವನ ಟೀ ಆರಿಹೋಗ್ತಿದೆ.”

“ಅವನು ಎಂದಾದ್ರೂ ಟೈಮಿಗೆ ಬಂದಿದ್ದಾನಾ? ಬಸ್ ತಪ್ಪಿಸ್ಕೊಂಡಿರ್ತಾನೆ ಬಿಡೋ ಡುಗೀ,” ಎಂದು ಉಳಿದವರು ನಗಿಸುತ್ತಾರೆ. ತಾತ ನನ್ನ ತೋಳು ಹಿಡಿಯುತ್ತಾರೆ. “ನೀನಾದ್ರೂ ನಿಜ ಹೇಳೇ ಹುಡುಗಿ.”

ಸುಳ್ಳು ನನ್ನ ಬಾಯಿಗೆ ಬರುವುದಿಲ್ಲ. ಗಣಿ ಕುಸಿದು ಆರ್ಚೀ ಎಂದೋ ತೀರಿಕೊಂಡ ಎನ್ನುತ್ತೇನೆ. ಪ್ರತಿ ವಾರವೂ ತಾತ ಅದನ್ನು ಮೊದಲ ಸಲ ಕೇಳಿದಂತೆ ಅಳುತ್ತಾರೆ.

ನಿನ್ನೆ ಆ ಚಿತ್ರವನ್ನು ಫೋಟೋ ಪೆಟ್ಟಿಗೆಯಿಂದ ಮೊದಲೇ ತೆಗೆದಿಟ್ಟೆ. ತಾತ ಬೇರೆ ಚಿತ್ರಗಳನ್ನು ನೋಡಿ ನಕ್ಕರು, ಟೀಗೆ ಬಿಸ್ಕತ್ತು ಅದ್ದಿಕೊಂಡು ತಿಂದರು. ಆರ್ಚೀಯನ್ನು ಕೇಳಲೇ ಇಲ್ಲ. ಅದು ನನಗೆ ಅವರ ಅಳುವಿಗಿಂತ ಕಷ್ಟವಾಯಿತು.

ಚಿತ್ರ ಈ ಪತ್ರದ ಜೊತೆಗಿದೆ. ದಯವಿಟ್ಟು ನಮ್ಮ ಪೆಟ್ಟಿಗೆಗೆ ಮತ್ತೆ ಹಾಕಬೇಡಿ, ಬೇರೆ ಊರಿನ ಇಂಥದೇ ಸಭೆಗೆ ಕಳಿಸಿ. ಅದರ ಹಿಂಬದಿಯಲ್ಲಿ ಆರ್ಚೀಯ ಹೆಸರು ಬರೆದಿದ್ದೇನೆ. ಇಲ್ಲಿ ಇನ್ನು ಯಾರೂ ಆ ಹೆಸರು ಎತ್ತದಿದ್ದರೂ, ಅಲ್ಲಿ ಯಾರಾದರೂ ಅದನ್ನು ಗಟ್ಟಿಯಾಗಿ ಓದಲಿ.

ಇಂತಿ,
ಶೋನಾ ಲೈಲ್