ಬರೆಯದ ಇಂಗ್ಲಿಷ್ ಪೇಪರು

ಪೂಜ್ಯ ಮೇಷ್ಟ್ರೇ,

ನೀವು ತೀರಿಕೊಂಡ ಮೇಲೆ ಏನಾಯಿತು ಅಂದರೆ, ಶಿವಣ್ಣ ಆ ಪರೀಕ್ಷೆ ಫಾರಂ ತಂದು ನನ್ನ ಮೇಜಿನ ಮೇಲೆಯೇ ಇಟ್ಟುಬಿಟ್ಟ. ನಿನ್ನೆ ಇಷ್ಟು ಬರೆಯುವಷ್ಟರಲ್ಲಿ ಯಾರೋ ಬಂದರು, ನಿಲ್ಲಿಸಿದ್ದೆ. ನಿಮ್ಮ ಕುರ್ಚಿಯಲ್ಲಿ ಈಗ ಕೂರುವುದು ಅವನೇ. ನಿಮ್ಮ ಶಿಷ್ಯ, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಈಗ ಬಾಟನಿ ವಿಭಾಗಕ್ಕೆ ಹೆಡ್ಡು. ನನ್ನ ಹೆಸರು, ಅಪ್ಪನ ಹೆಸರು, ರಿಜಿಸ್ಟರ್ ನಂಬರು ಎಲ್ಲ ಅವನೇ ತುಂಬಿದ್ದಾನೆ. ವಿಷಯ, ಇಂಗ್ಲಿಷ್. ಉಳಿದಿರುವುದು ನನ್ನದೊಂದು ಸಹಿ. ನಾಳೆ ಕೊನೆಯ ದಿನ. ಹದಿನಾರು ವರ್ಷ ನೀವು ನಿಮ್ಮ ಕೈಯಾರೆ ತುಂಬಿದ ಫಾರಂ ಅದು. ನೀವು ಹೋದ ಮೇಲಾದರೂ ನಿಲ್ಲುತ್ತದೆ ಅಂದುಕೊಂಡಿದ್ದೆ. ಇದು ಮೇಷ್ಟ್ರ ಆಸೆ, ಬಿಡುವ ಹಾಗಿಲ್ಲ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದ್ದಾರಂತೆ.

ಬಿ.ಎಸ್ಸಿ.ಯಲ್ಲಿ ಇಂಗ್ಲಿಷ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಪಾಸಾಗಿ ನಿಮ್ಮೆದುರು ಬಂದು ನಿಂತಾಗ ನೀವು ಬೈಯಲಿಲ್ಲ. ಇಲ್ಲೇ ಇರು, ಒಣಗಿಸಿದ ಗಿಡಗಳ ಬೀರು ನೋಡಿಕೋ, ಇಂಗ್ಲಿಷ್ ಪಾಸಾದ ದಿನ ಡೆಮಾನ್‌ಸ್ಟ್ರೇಟರ್ ಮಾಡಿಸುತ್ತೇನೆ ಅಂದಿರಿ. ಗಿಡ ಕಿತ್ತು ತರುವುದು, ಹಳೇ ಪೇಪರಿನ ನಡುವೆ ಒತ್ತಿಡುವುದು, ಒಣಗಿದ ಮೇಲೆ ಹಾಳೆಗೆ ಅಂಟಿಸಿ ಲ್ಯಾಟಿನ್ ಹೆಸರು ಬರೆಯುವುದು. ಬೀರುವಿನಲ್ಲಿರುವ ಅಷ್ಟೂ ಹೆಸರು ಈಗಲೂ ಬಾಯಿಪಾಠ. ಲ್ಯಾಟಿನ್ ಹೊರಳುವ ನಾಲಿಗೆಗೆ ಇಂಗ್ಲಿಷ್ ಏನಪ್ಪಾ ದ್ರೋಹ ಮಾಡಿದೆ ಅಂತ ಕೇಳುತ್ತಿದ್ದಿರಿ. ಏನು ಹೇಳಲಿ? ಇಂಗ್ಲಿಷಿನಲ್ಲಿ ನನಗೆ ಉಳಿದಿರುವುದು 'ಐ ಬೆಗ್ ಟು ಸ್ಟೇಟ್ ದಿ ಫಾಲೋಯಿಂಗ್ ಫ್ಯೂ ಲೈನ್ಸ್' ಅನ್ನುವುದು. ಫಾಲೋ ಮಾಡಬೇಕಾದ ಲೈನುಗಳೇ ಬರುವುದಿಲ್ಲ.

ತಿಪಟೂರಿನ ಕೊಬ್ಬರಿ ಹರಾಜಿನ ದಿನ ಹುಡುಗರು ಮಾರುಕಟ್ಟೆಗೆ ಹೋಗಿ ತರಗತಿ ಅರ್ಧಕ್ಕರ್ಧ ಖಾಲಿ ಇರುತ್ತಿತ್ತಲ್ಲ, ಆವತ್ತು ವಿಭಾಗಕ್ಕೆಲ್ಲ ನಾನೊಬ್ಬನೇ ವಿದ್ಯಾರ್ಥಿ. ವಿಮಲಾ ಮೇಡಂ ಗ್ರಾಮರು, ಶಿವಣ್ಣ ಎಸ್ಸೆ, ನೀವು ಪ್ರೆಸಿ. ಉದ್ದದ್ದನ್ನು ಮೂರನೇ ಒಂದು ಭಾಗಕ್ಕೆ ಇಳಿಸಬೇಕು ಅನ್ನುತ್ತಿದ್ದಿರಿ. ನಾನು ಜೀವನದಲ್ಲಿ ಯಾವುದನ್ನು ಹಾಗೆ ಇಳಿಸಿದ್ದೇನೆ? ಪರೀಕ್ಷೆ ಇದ್ದದ್ದು ತುಮಕೂರಿನಲ್ಲಿ. ಬೆಳಿಗ್ಗೆ ರೈಲು ಹತ್ತಿಸಲು ನಿಮ್ಮಲ್ಲಿ ಒಬ್ಬರಾದರೂ ಬರುತ್ತಿದ್ದಿರಿ. ರಿಸಲ್ಟ್ ಬರುವ ದಿನ ನೋಟೀಸು ಬೋರ್ಡು ನೋಡುವ ತನಕ ವಿಭಾಗದಲ್ಲಿ ಯಾರೂ ಟೀ ಮುಟ್ಟುತ್ತಿರಲಿಲ್ಲ. ನನ್ನ ನಂಬರು ಇಲ್ಲ ಅಂತ ಗೊತ್ತಾದರೆ ನನಗಿಂತ ಮೊದಲು ಮೇಡಂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಂಥವರ ನಡುವೆ ಕೂತು, ನನಗೆ ಇದು ಸಾಕು ಅಂತ ಹೇಳುವುದು ಹೇಗೆ?

ಮೊದಲ ಎರಡು ಸಲ ನಿಜವಾಗಿ ಬರೆದೆ, ನಿಜವಾಗಿ ಫೇಲಾದೆ. ಮೂರನೇ ಸಲ ರೈಲು ನಡುದಾರಿಯ ಬಾಣಸಂದ್ರದಲ್ಲಿ ನಿಂತಿತು. ತುಮಕೂರಿನ ಆ ಪರೀಕ್ಷೆ ಹಾಲು, ಬಿಳಿ ಹಾಳೆ, ಗಂಟೆ ಎಲ್ಲ ಕಣ್ಣಿಗೆ ಕಟ್ಟಿತು. ಇಳಿದುಬಿಟ್ಟೆ. ಕಲ್ಲುಬೆಂಚಿನ ಮೇಲೆ ಕೂತು, ನನ್ನವಳು ಗೌರಿ ಕಟ್ಟಿಕೊಟ್ಟ ಬುತ್ತಿ ತಿಂದು ಸಾಯಂಕಾಲದ ಗಾಡಿಗೆ ತಿಪಟೂರಿಗೆ ಬಂದರೆ ನೀವು ಸ್ಟೇಷನ್ನಿನಲ್ಲಿ ಕೊಡೆ ಹಿಡಿದು ನಿಂತಿದ್ದಿರಿ. ಹೇಗೆ ಬರೆದೆ ಅಂದಿರಿ. ಪರವಾಗಿಲ್ಲ ಸಾರ್ ಅಂದೆ. ಆ ಒಂದು ಮಾತು ಆಡದೆ ಇದ್ದಿದ್ದರೆ... ಅಲ್ಲಿಂದಾಚೆ ಪ್ರತಿ ವರ್ಷ ಬಾಣಸಂದ್ರವೇ. ಅಂಕಪಟ್ಟಿಯಲ್ಲಿ ಗೈರುಹಾಜರಿ ಅಂತ ಬರುತ್ತಿತ್ತು. ಅದನ್ನು ಆಫೀಸಿನಿಂದ ತರುವವನೂ ನಾನೇ ಆದ್ದರಿಂದ ಯಾರೂ ನೋಡಲಿಲ್ಲ. ಅಲ್ಲಿನ ಸ್ಟೇಷನ್ ಮಾಸ್ಟರು ಮಾತ್ರ ನನ್ನ ಮುಖ ಕಂಡೊಡನೆ, ಈ ವರ್ಷದ ಪರೀಕ್ಷೆ ಬಂತೇನ್ರೀ ಅಂತ ಕೇಳುತ್ತಿದ್ದರು.

ಗೌರಿಗೆ ಗೊತ್ತಿತ್ತು. "ಹೇಳ್ಬುಡ್ರೀ ಅತ್ಲಾಗೆ. ಅವ್ರೇನು ಹೊಡೀತಾರಾ?" ಅನ್ನುತ್ತಿದ್ದಳು.

"ಹೊಡೆಯೋರಾಗಿದ್ರೆ ಎಂದೋ ಹೇಳಿರ್ತಿದ್ದೆ ಕಣೇ" ಅಂದಿದ್ದೆ.

ಅವಳು ತೀರಿಕೊಂಡು ನಾಲ್ಕು ವರ್ಷ. ಅವಳ ಊರು ಸಂಪಿಗೆಯಲ್ಲಿ ಮಣ್ಣು ಮಾಡಿದ ದಿನ ಇಡೀ ವಿಭಾಗವನ್ನೇ ಕರೆದುಕೊಂಡು ಬಂದಿದ್ದಿರಿ. ತಿಂಗಳು ತುಂಬುವಷ್ಟರಲ್ಲಿ ಮತ್ತೆ ಫಾರಂ ತಂದಿರಿ, ಓದಿಕೊಂಡಿದ್ದರೆ ದುಃಖ ಸ್ವಲ್ಪ ತಡೆಯುತ್ತದೆ ಅಂತ. ಆವತ್ತೂ ಬಾಯಿವರೆಗೆ ಬಂದಿತ್ತು, ಮೇಷ್ಟ್ರೇ.

ಹೋದ ತಿಂಗಳು ನಿಮ್ಮ ಪುಸ್ತಕಗಳನ್ನೆಲ್ಲ ಕಟ್ಟಿ ಮನೆಗೆ ಕೊಡಲು ಹೋಗಿದ್ದೆ. ನಿಮ್ಮ ಮನೆಯವರು, ನಮ್ಮ ಅಮ್ಮನವರು, ಕಾಫಿ ಕೊಟ್ಟು, ನಾನು ಕುಡಿದು ಮುಗಿಸಿದ ಮೇಲೆ ಲೋಟ ತೆಗೆದಿಟ್ಟರು. ಆಮೇಲೆ, "ಅವ್ರಿಗೆ ಗೊತ್ತಿತ್ತು ಕಣಪ್ಪ" ಅಂದರು. ಒಮ್ಮೆ ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ತುಮಕೂರಿಗೆ ಹೋಗಿದ್ದಾಗ ನೀವು ನನ್ನ ಉತ್ತರಪತ್ರಿಕೆ ಬಗ್ಗೆ ವಿಚಾರಿಸಿದಿರಂತೆ. ಆ ನಂಬರಿನವನು ಪರೀಕ್ಷೆ ಹಾಲಿಗೇ ಬರಲಿಲ್ಲ ಅಂದರಂತೆ. ಅದಾಗಿ ಒಂಬತ್ತು ವರ್ಷ! ಮತ್ತೆ ಯಾಕೆ ಫಾರಂ ತುಂಬುತ್ತಿದ್ದರು ಅಂತ ಕೇಳಿದೆ.

"ನಾನೂ ಕೇಳ್ದೆ. ನಿಲ್ಲಿಸಿದ್ರೆ ನಂಗೆ ಗೊತ್ತಾಗಿದೆ ಅಂತ ಅವ್ನಿಗೆ ಗೊತ್ತಾಗ್ಬುಡ್ತದೆ, ಆಮೇಲೆ ಅವ್ನು ಡಿಪಾರ್ಟ್‌ಮೆಂಟಿಗೇ ಬರಾಕಿಲ್ಲ ಅಂದ್ರು."

ಅಂದರೆ ನೀವೂ ನನ್ನ ಜೊತೆ ಸಿಕ್ಕಿಕೊಂಡಿದ್ದಿರಿ. ಸಾಯಂಕಾಲದ ಗಾಡಿಗೆ ಕೊಡೆ ಹಿಡಿದು ಬಂದು, ಹೇಗೆ ಬರೆದೆ ಅಂತ ಕೇಳಿದಿರಲ್ಲ, ಅಷ್ಟು ವರ್ಷ ಹೇಗೆ ಕೇಳಿದಿರಿ?

ಇವತ್ತು ಟೀ ಹೊತ್ತಿಗೆ ಎದ್ದು ನಿಂತು ಎಲ್ಲ ಹೇಳಿಬಿಟ್ಟೆ. ಬಾಣಸಂದ್ರ, ಕಲ್ಲುಬೆಂಚು, ಅಂಕಪಟ್ಟಿ. ವಿಮಲಾ ಮೇಡಂ ಲೋಟ ಕೆಳಗಿಟ್ಟು, ನಾನು ಹೇಳಿಕೊಟ್ಟಿದ್ದೆಲ್ಲ ಅಂತ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ಆ ಅರ್ಧ ಮಾತು ಇನ್ನೂ ಚುಚ್ಚುತ್ತಿದೆ. ಶಿವಣ್ಣ ಛೀ ಅನ್ನುತ್ತಾನೆ, ಫಾರಂ ಹರಿಯುತ್ತಾನೆ ಅಂತ ಕಾದೆ. ಹರಿಯಲಿ ಅಂತಲೇ ಕಾದೆ ಅನ್ನಿ.

"ಹಂಗಾರೆ ನೀನು ಬರೆದಿರೋದು ಎರಡೇ ಸಲವೇನ್ಲಾ?" ಅಂದ.

ಎರಡೇ ಅಂದೆ.

"ಎರಡು ಸಲ ಫೇಲಾದೋರು ಊರ್ತುಂಬ ಅವ್ರೆ ಕಣ್ಲಾ. ಹಾಕು ಸಹಿ. ಈ ಸಲ ನಾನೂ ರೈಲಲ್ಲಿ ಬತ್ತೀನಿ. ನೀನು ಕಿಟಕಿ ಕಡೆ ಕೂತ್ಕೊ, ಬಾಗಿಲ ಕಡೆ ನಾನು."

ಮೇಡಂ ನಕ್ಕುಬಿಟ್ಟರು, ಕಣ್ಣಲ್ಲಿ ನೀರಿತ್ತು. ನನಗೆ ನಗು ಬರಲಿಲ್ಲ. ನಿಜ ಹೇಳಿದರೆ ಬಿಡುಗಡೆ ಅಂದುಕೊಂಡಿದ್ದೆ ಮೇಷ್ಟ್ರೇ. ಇಳಿದು ತಪ್ಪಿಸಿಕೊಳ್ಳಲು ಇದ್ದ ಒಂದು ಸ್ಟೇಷನ್ನೂ ಕೈಬಿಟ್ಟಿತು.

ಎಲ್ಲರೂ ಮನೆಗೆ ಹೋದರು. ನಾನೊಬ್ಬನೇ ಬೀರುಗಳ ಪಕ್ಕ, ಕಿಟಕಿಯ ಹತ್ತಿರ ಕೂತು ಇದನ್ನು ಬರೆಯುತ್ತಿದ್ದೇನೆ. ಈಗಷ್ಟೇ ಸಹಿ ಹಾಕಿದೆ. ಹಾಕದೆ ಎಲ್ಲಿಗೆ ಹೋಗಲಿ? ಪಾಸಾಗುತ್ತೇನೆ ಅಂತ ನಿಮಗೆ ಮಾತು ಕೊಡಲಾರೆ, ಆ ಮಾತು ನನ್ನ ಹತ್ತಿರ ಇಲ್ಲ. ಈ ಸಲ ಫೇಲಾದರೆ ಬರೆದು ಫೇಲಾಗಿರುತ್ತೇನೆ. ಅಷ್ಟು ಮಾತ್ರ ನಂಬಿ. ಮೊದಲ ಪ್ರಶ್ನೆ ಪ್ರೆಸಿಯೇ ಬಂದರೆ ನೀವು ಹೇಳಿಕೊಟ್ಟ ಹಾಗೆ ಮೂರನೇ ಒಂದು ಭಾಗಕ್ಕೆ... ಹಾಳೆಯ ಗೆರೆ ಕಾಣಿಸುತ್ತಿಲ್ಲ. ಬೆಳಕು ಹೋಗುತ್ತಿದೆ ಮೇಷ್ಟ್ರೇ.